ಮೊಣಕಾಲುದ್ದ ಅರಳೆಯಲ್ಲಿ ನಡಿಗೆಯ ಪಾಠ

ಆದೋನಿಯ ಹತ್ತಿ ಪೇಟೆಯಲ್ಲಿ ಮರಿಬಸಪ್ಪನಿಗೆ, ಅಂದರೆ ನನಗೆ, ತಕ್ಕಮಟ್ಟಿನ ಹೆಸರಿದೆ. ಒಂದು ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದೆನೆಂದರೆ, ಅದು ಎಂಥ ಹೊಲದಲ್ಲಿ ಬೆಳೆದದ್ದು, ಮಳೆಗೆ ಸಿಕ್ಕಿದೆಯೋ ಇಲ್ಲವೋ, ತೂಕ ಬರಲೆಂದು ಯಾರಾದರೂ ನೀರು ಚಿಮುಕಿಸಿದ್ದಾರೋ ಇಲ್ಲವೋ, ಎಲ್ಲವನ್ನೂ ಹೇಳಬಲ್ಲೆ. ಇಂಥ ಪರಿಣತನನ್ನು ಆ ವರ್ಷ ಜನ ಹತ್ತಿಯ ವಿಷಯ ಕೇಳುವುದನ್ನೇ ಬಿಟ್ಟಿದ್ದರು. ನಮ್ಮ ಊರನ್ನು ಮದರಾಸಿನಿಂದ ಬಿಡಿಸಿ ಹೊಸ ಆಂಧ್ರ ರಾಜ್ಯಕ್ಕೆ ಸೇರಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಮಾತಾಡಲು ಅಷ್ಟು ದೊಡ್ಡ ವಿಷಯವಿದ್ದಾಗಲೂ ಎದುರಿಗೆ ಸಿಕ್ಕವರು ಕೇಳುತ್ತಿದ್ದುದು ಒಂದೇ ಮಾತು: "ಏನ್ರಿ ಮರಿಬಸಪ್ಪ, ಮಗ ನಡದನೇನು?"

ನನ್ನ ಮಗ ಭೀಮಲಿಂಗ ನಡೆದಿರಲಿಲ್ಲ. ಒಂದೂವರೆ ವರ್ಷ ದಾಟಿದ್ದರೂ ಆತನ ಸಂಚಾರವೆಲ್ಲ ಕುಳಿತಲ್ಲಿಂದಲೇ. ಒಂದು ಕಾಲು ಮಡಚಿ, ಇನ್ನೊಂದನ್ನು ದೋಣಿಯ ಹುಟ್ಟು ಹಾಕಿದಂತೆ ಮುಂದಕ್ಕೆ ಚಾಚಿ, ಪೃಷ್ಠದ ಮೇಲೆ ಜಾರುತ್ತಾ ಇಡೀ ಮನೆಯನ್ನು ಸುತ್ತಿಬರುತ್ತಿದ್ದ. ವೇಗಕ್ಕೆ ಕೊರತೆಯಿರಲಿಲ್ಲ. ಆತನ ಚಡ್ಡಿಗಳೆಲ್ಲ ಮುಂದೆ ಹೊಸದು, ಹಿಂದೆ ಜಾಲರಿ. ಆಸ್ಪತ್ರೆಯ ಡಾಕ್ಟರು ಕಾಲು ತಟ್ಟಿ, ಮೊಣಕಾಲು ಮಡಚಿ ನೋಡಿ, "ಎಲ್ಲ ಗಟ್ಟಿಯಾಗಿದೆ, ಅವನಿಗೆ ಮನಸ್ಸಿಲ್ಲ ಅಷ್ಟೆ" ಎಂದಿದ್ದರು. ಪಕ್ಕದ ಮನೆಯ ಕೊಂಡಮ್ಮನ ಮೊಮ್ಮಗ ಇವನಿಗಿಂತ ಚಿಕ್ಕವನು. ಆ ಪುಟ್ಟ ಪುಂಡ ಆಗಲೇ ಓಡಿಬಂದು ನಮ್ಮ ಮೊರದಲ್ಲಿದ್ದ ಶೇಂಗಾ ಕದ್ದು ಓಡಿಹೋಗುವಷ್ಟು ಪ್ರವೀಣನಾಗಿದ್ದ. ಕೊಂಡಮ್ಮ ಅವನನ್ನು ಗದರಿಸುತ್ತಿದ್ದಳು ನಿಜ, ಆದರೆ ಆ ಗದರಿಕೆ ನಮ್ಮ ಮನೆಯವರೆಗೂ ಕೇಳಬೇಕೆಂಬ ಹೆಮ್ಮೆ ಅದರೊಳಗೆ ಇರುತ್ತಿತ್ತು.

ಇದನ್ನೆಲ್ಲ ನಾನು ಸಹಿಸುತ್ತಿದ್ದೆ. ಸಹಿಸಲಾಗದ್ದು ನನ್ನ ಅತ್ತೆಯ ಮಾತು. ಅತ್ತೆ ಬಸವಕ್ಕನವರು ಕೌತಾಳದವರು. ಮಾತು ಕಡಿಮೆ, ಆಡಿದರೆ ಅದು ತೀರ್ಪು. ಆಷಾಢದಲ್ಲಿ ಬಂದವರು ಮೊಮ್ಮಗ ಜಾರುವುದನ್ನು ಬಹಳ ಹೊತ್ತು ನೋಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೇಳಿದರು:

"ಶ್ರಾವಣದಾಗ ಉರುಕುಂದಕ್ಕ ಹೋಗಿ ಈರಣ್ಣಗ ಕಾಯಿ ಒಡಿಸಿ ಸೀದಾ ಇಲ್ಲಿಗೆ ಬರ್ತೀನಿ. ಅಷ್ಟೊತ್ತಿಗೆ ಹುಡುಗ ನಡದಿದ್ರ ಸೈ. ಇಲ್ಲಂದ್ರ ತಾಯಿ ಮಗ ಇಬ್ಬರನ್ನೂ ಕೌತಾಳಕ್ಕ ಕರಕೊಂಡು ಹೋಗ್ತೀನಿ. ನಡದ ಮ್ಯಾಲೇ ಕಳಸ್ತೀನಿ."

"ಎಷ್ಟು ದಿನ ಹಿಡಿತೈತ್ರಿ?" ಎಂದೆ.

"ಅದನ್ನ ಹುಡುಗನ್ನ ಕೇಳ್ರಿ."

ಹೆರಿಗೆಗೆಂದು ಹೆಂಡತಿ ತವರಿಗೆ ಹೋದಾಗ ನಾನು ಪಟ್ಟ ಪಾಡು ಪೇಟೆಗೆಲ್ಲ ಗೊತ್ತು. ಖಾನಾವಳಿಯ ಊಟ ತಿಂದು ತಿಂದು ನನ್ನ ಅಂಗಿ ನನ್ನದಲ್ಲವೆಂಬಂತೆ ಜೋತುಬಿದ್ದಿತ್ತು. ಆಗಲಾದರೂ ಮಗನೆಂಬುವನು ಇರಲಿಲ್ಲ. ಈಗ ಇದ್ದಾನೆ. ಮಧ್ಯಾಹ್ನ ಅಂಗಡಿಯಿಂದ ಬಂದು ನಾನು ಅಡ್ಡಾದರೆ ಜಾರುತ್ತಾ ಬಂದು, ನನ್ನ ಎದೆಯ ಮೇಲೆ ಬೋರಲಾಗಿ ಬಿದ್ದು, ನನ್ನ ಬನಿಯನ್ನಿಗೆ ಅಂಟಿದ ಹತ್ತಿಯ ಎಳೆ ಒಂದೊಂದಾಗಿ ಕೀಳುತ್ತಾ ನಿದ್ದೆ ಹೋಗುತ್ತಾನೆ. ಅವನಿಲ್ಲದ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆಯುವುದೂ ನನ್ನಿಂದಾಗದು. ಇದನ್ನು ಅತ್ತೆಗೆ ಹೇಳಲಾಗುತ್ತದೆಯೇ? ಗಂಡಸು. ಮೀಸೆ ಬೇರೆ ಇದೆ. ಆದ್ದರಿಂದ ಮಗನನ್ನು ನಡೆಸಿಯೇ ತೀರುವುದೆಂದು ಪಣ ತೊಟ್ಟೆ.

ಬೇಸಿಗೆಯಲ್ಲಿ ನಮ್ಮ ಅಂಗಡಿಗೆ ಬಂದಿದ್ದ ಬೊಂಬಾಯಿಯ ಖರೀದಿದಾರನೊಬ್ಬ ಚಹಾ ಕುಡಿಯುತ್ತಾ ಒಂದು ಸಂಗತಿ ಹೇಳಿದ್ದ. ಅವರ ಕಡೆ ಎಳೆಮಕ್ಕಳಿಗೊಂದು ಶಾಲೆಯಂತೆ. ಅಲ್ಲಿ ಪಾಟಿ ಇಲ್ಲ, ಬಳಪ ಇಲ್ಲ. ದಿಂಬು ಹತ್ತಿಸುತ್ತಾರೆ, ಮೇಜಿನ ಕೆಳಗೆ ನುಗ್ಗಿಸುತ್ತಾರೆ, ನೆಲದ ಮೇಲೆ ಹಗ್ಗ ಹಾಸಿ ಅದರ ಮೇಲೆ ನಡೆಸುತ್ತಾರೆ, ಚೆಂಡನ್ನು ಬುಟ್ಟಿಯೊಳಗೆ ಹಾಕಿಸುತ್ತಾರೆ. ಮನೆಯ ಸಾಮಾನಿನಿಂದಲೇ ಮೈಕೈ ಪಳಗಿಸುವ ಕ್ರಮ. ಮಳೆಗಾಲವಾದ್ದರಿಂದ ಪೇಟೆ ಮಲಗಿತ್ತು, ನನಗೂ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಮನೆಯ ಪಡಸಾಲೆಯಲ್ಲೇ ಶಿಶು ಅಂಗಸಾಧನಾ ಶಾಲೆಯನ್ನು ಸ್ಥಾಪಿಸಿಬಿಟ್ಟೆ.

ಮೊದಲನೆಯ ಪ್ರಶ್ನೆ ನೆಲದ್ದು. ನಮ್ಮದು ಕರಿಯ ಕಡಪಾ ಬಂಡೆಯ ನೆಲ. ಮಗು ಎದ್ದು ನಿಂತು ಹಿಂದಕ್ಕೆ ಬಿದ್ದರೆ? ಬೇರೆಯವರಾದರೆ ಒಂದು ಕಂಬಳಿ ಹಾಸಿ ಸುಮ್ಮನಾಗುತ್ತಿದ್ದರು. ನಾನು ಹತ್ತಿಯವನು. ಮನೆಯ ಗಾದಿಗಳನ್ನೆಲ್ಲ ಹಾಸಿದೆ. ಗಾದಿಗಳ ನಡುವೆ ಸಂದು ಕಂಡಿತು. ಅಂಗಡಿಯ ಹಮಾಲಿ ಸುಂಕಣ್ಣನಿಗೆ ಹೇಳಿ, ಕಳೆದ ಸುಗ್ಗಿಯಲ್ಲಿ ಉಳಿದಿದ್ದ ಅರಳೆಯ ಬೋರಾ ಚೀಲಗಳನ್ನು ಹೊರಿಸಿ ತಂದು ಸುರಿಸಿದೆ. ಸುಂಕಣ್ಣ ಗೋಡೆಯಿಂದ ಗೋಡೆಗೆ ಮೊಣಕಾಲುದ್ದ ಹರಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ.

"ಸಾವಕಾರ್ರೇ, ಗಾದಿ ಹೊಲಿಸೋದಾ?"

"ಅಲ್ಲೋ, ಭೀಮಲಿಂಗ ನಡಿಯಾಕ."

ಸುಂಕಣ್ಣ ಹೊರಗೆ ಹೋಗಿ ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡ ರೀತಿಯಲ್ಲಿ ನಗು ಇತ್ತೆಂದು ನನಗೆ ಈಗಲೂ ಅನುಮಾನ.

ನನ್ನ ಹೆಂಡತಿಯ ಹೆಸರು ಗಾದಿಲಿಂಗಮ್ಮ. (ಅದು ಅವಳ ಮನೆದೇವರ ಹೆಸರು. ಹತ್ತಿ ವ್ಯಾಪಾರಿಯ ಹೆಂಡತಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ ಎಂದು ಮದುವೆಯ ದಿನ ನಾನು ಮಾಡಿದ ತಮಾಷೆಗೆ ಆಕೆ ಇಂದಿನವರೆಗೂ ನಕ್ಕಿಲ್ಲ.) ಅಡಿಗೆಮನೆಯಿಂದ ಬಂದವಳು ಹೊಸ್ತಿಲಲ್ಲೇ ನಿಂತಳು.

"ನಾನು ನೀರಿಗೆ ಹೋಗಬೇಕಾದ್ರ ಇದರಾಗ ಈಸಿ ಹೋಗಲೇನು?"

"ಸ್ವಲ್ಪ ದಿನ ತಡಕೋ. ಇದು ಶಾಸ್ತ್ರ."

"ಯಾವ ಶಾಸ್ತ್ರ? ಹುಡುಗನ್ನ ನೆಲಕ್ಕ ಬಿಡಂಗಿಲ್ಲ ನೀವು. ಅಂಗಡಿಗೆ ಹೆಗಲ ಮ್ಯಾಲೆ, ಪೇಟಿಗೆ ಹೆಗಲ ಮ್ಯಾಲೆ. ಈಗ ನೆಲಾನೇ ಇಲ್ಲದಂಗ ಮಾಡೀರಿ. ನನ್ನ ಲಟ್ಟಣಿಗಿ ಯಾಕ ಒಯ್ದೀರಿ?"

"ಅದನ್ನ ಕಾಲಿನಿಂದ ಉರುಳಿಸೋ ಪಾಠ ಐತಿ."

"ಉರುಳ್ಸಿ ವಾಪಸ್ ಕೊಡ್ರಿ. ನಾಳೆ ಹೋಳಿಗಿ ಮಾಡಬೇಕು" ಎಂದು ಒಳಗೆ ಹೋದಳು. ನನ್ನ ಶಾಲೆಯ ಬಗ್ಗೆ ಇಲಾಖೆಯ ಮೊದಲ ತಪಾಸಣೆ ಹೀಗೆ ಮುಗಿಯಿತು.

ಪಾಠ ಶುರುವಾಯಿತು. ದಿಂಬುಗಳನ್ನು ಒಟ್ಟಿ ಆದೋನಿಯ ಕೋಟೆ ಬೆಟ್ಟ ಮಾಡಿದೆ. ಮಂಚಕ್ಕೆ ಧೋತರ ಇಳಿಬಿಟ್ಟು ಗವಿ ಮಾಡಿದೆ. ಏಣಿಯನ್ನು ಎರಡು ಕೊಳಗಗಳ ಮೇಲೆ ಅಡ್ಡ ಇಟ್ಟು ತುಂಗಭದ್ರೆಯ ಸೇತುವೆ ಮಾಡಿದೆ. ಹುಣಿಸೆಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಚೆಂಡು ಮಾಡಿ, ಅದನ್ನು ಎಸೆಯಲು ಹಿತ್ತಾಳೆಯ ಕೊಪ್ಪರಿಗೆ ಇಟ್ಟೆ. ಭೀಮಲಿಂಗನನ್ನು ನಡುವೆ ನಿಲ್ಲಿಸಿ ಕೈಬಿಟ್ಟೆ. ಆತ ಮೆಲ್ಲಗೆ ಅರಳೆಯೊಳಗೆ ಕುಸಿದು, ಸೊಂಟದವರೆಗೆ ಹೂತು, ಬೆಚ್ಚಗೆ ಕುಳಿತುಬಿಟ್ಟ.

ಮಾಡಿ ತೋರಿಸಿದರೆ ಮಾಡುತ್ತಾನೆಂದು ನಾನೇ ದಿಂಬಿನ ಬೆಟ್ಟ ಹತ್ತಿದೆ. ಆತ ಕೈತಟ್ಟಿ, "ಮತ್ತ" ಎಂದ. ಅವನಿಗೆ ಬರುತ್ತಿದ್ದ ಸ್ಪಷ್ಟವಾದ ಮಾತು ಅದೊಂದೇ. ಮತ್ತೆ ಹತ್ತಿದೆ. ಮತ್ತ ಎಂದ. ಕಪ್ಪೆಯಂತೆ ಕುಪ್ಪಳಿಸಿದೆ, ಬಾಯಲ್ಲಿ ಹೊಗೆ ಬಿಡುತ್ತಾ ಗುಂತಕಲ್ಲಿನ ರೈಲಾದೆ, ಮಂಚದ ಕೆಳಗೆ ನುಗ್ಗಿ ಆ ಕಡೆ ಕರಡಿಯಾಗಿ ಎದ್ದೆ. ಮತ್ತ. ಎರಡು ಮದುವೆಗಳ ಊಟವನ್ನು ಒಂದೇ ದಿನ ಅರಗಿಸಬಲ್ಲ ನನ್ನ ದೇಹ, ಸಂಜೆ ಹೊತ್ತಿಗೆ ಒಂದು ಲೋಟ ನೀರು ಎತ್ತಲಾರದೆ ನಡುಗುತ್ತಿತ್ತು. ಮಗನಿಗೆ ಮಾತ್ರ ಒಂದು ಬೆವರ ಹನಿಯಿಲ್ಲ.

ದಿನವೂ ಇದೇ. ಸುದ್ದಿ ಹಬ್ಬಿ ಕೊಂಡಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಆ ಕಳ್ಳ ಅರಳೆಯಲ್ಲಿ ಒಂದು ಸಲ ಮುಳುಗಿ ಎದ್ದವನು, ಬೆಟ್ಟ ಹತ್ತಿದ, ಗವಿ ನುಗ್ಗಿದ, ಹೋಗುವಾಗ ಹುಣಿಸೆಬೀಜದ ಚೆಂಡನ್ನೂ ಒಯ್ದ. "ಚಾಲ ಬಾಗುಂದಯ್ಯಾ ನಿಮ್ಮ ಆಟ" ಎಂದು ಕೊಂಡಮ್ಮ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಮೆಚ್ಚಿದಳು. "ನಮ್ಮ ಪಿಲ್ಲಗಾಡು ಇನ್ನೂ ಜೋರಾದ. ನಿಮ್ಮಾತ ಕುಂತು ನೋಡಾಕ ಬಲು ಶಾಣ್ಯಾ."

ಅರಳೆ ತನ್ನ ಕೆಲಸವನ್ನು ಮನೆಯೆಲ್ಲ ನಡೆಸಿತ್ತು. ಸಾರಿನಲ್ಲಿ ಅರಳೆ, ಮಜ್ಜಿಗೆಯಲ್ಲಿ ಅರಳೆ, ಹೆಂಡತಿಯ ಹುಬ್ಬಿನ ಮೇಲೆ ಅರಳೆ. ರೊಟ್ಟಿ ಮುರಿದರೆ ಎಳೆ ಬರುತ್ತಿತ್ತು. ಅಭ್ಯಾಸಬಲದಿಂದ ನಾನದನ್ನು ಹೆಬ್ಬೆರಳುಗಳ ನಡುವೆ ಎಳೆದು ನೋಡಿದ ದಿನ ಆಕೆ ತಟ್ಟೆಯನ್ನೇ ಎತ್ತಿಕೊಂಡು ಹೋದಳು. ಲಟ್ಟಣಿಗೆ ಅಷ್ಟರಲ್ಲಿ ಅರಳೆಯೊಳಗೆ ಎಲ್ಲೋ ಮುಳುಗಿ ಕಾಣೆಯಾಗಿತ್ತು. ದಿನಕ್ಕೊಮ್ಮೆ ಆಕೆ ಅದನ್ನು ಕೇಳುವುದು, ನಾನು ಅರಳೆಯಲ್ಲಿ ಕೈಯಾಡಿಸಿ ಹುಡುಕಿದಂತೆ ಮಾಡುವುದು, ಅದೂ ಒಂದು ಆಟವಾಯಿತು.

ಆದರೆ ಶ್ರಾವಣ ಬಂದೇಬಿಟ್ಟಿತ್ತು. ಒಂದು ಮಧ್ಯಾಹ್ನ ಮಗ ಎದೆಯ ಮೇಲೆ ಮಲಗಿದ್ದಾಗ, ಹೆಂಡತಿ ಪಕ್ಕದಲ್ಲಿ ಕುಳಿತು ಅವನ ತಲೆಯಿಂದ ಅರಳೆ ಆರಿಸುತ್ತಾ ಮೆಲ್ಲಗೆ ಹೇಳಿದಳು:

"ನಮ್ಮವ್ವ ಅಂದಂಗ ಹೋಗಬೇಕಾದ್ರ ಹೋಗಿ ಬರ್ತೀವಿ ಬಿಡ್ರಿ. ಇಷ್ಟು ಯಾಕ ದಣಿತೀರಿ."

"ನೀವಿಲ್ಲಂದ್ರ ನನಗ ಮನಿ ಸೇರಂಗಿಲ್ಲ" ಎಂದೆ. ಬಾಯಿಂದ ಬಂದುಬಿಟ್ಟಿತು.

ಆಕೆ ತಲೆ ಎತ್ತಲಿಲ್ಲ. "ಗೊತ್ತೈತಿ" ಎಂದಳು. ಮರುದಿನ ತನ್ನ ಹೊಸ ಮೊರವನ್ನು ತಂದು, "ಇದನ್ನ ಬಸ್ಸಿನ ಸ್ಟೇರಿಂಗ್ ಮಾಡ್ರಿ, ಬಸ್ಸಂದ್ರ ಆತಗ ಬಾಳ ಇಷ್ಟ" ಎಂದು ಶಾಲೆಗೆ ದಾನ ಕೊಟ್ಟಳು.

ಆ ಮೊರವನ್ನು ಎರಡೂ ಕೈಯಲ್ಲಿ ಹಿಡಿದು, ಗಂಟಲಲ್ಲಿ ಎಂಜಿನ್ ಹೊಡೆಯುತ್ತಾ, ಕೌತಾಳದ ಬಸ್ಸಾಗಿ ನಾನು ಏಣಿಯ ಸೇತುವೆಯನ್ನು ದಾಟುತ್ತಿದ್ದೆ. ಭೀಮಲಿಂಗ ಮಂಚದ ಪಕ್ಕ ಅರಳೆಯಲ್ಲಿ ಹೂತು ಕುಳಿತು ಬಾಯಲ್ಲೇ ಹಾರನ್ ಹೊಡೆಯುತ್ತಿದ್ದ. ಸೇತುವೆ ಇಳಿದು ಬಲಗಾಲನ್ನು ಅರಳೆಯೊಳಗೆ ಇಟ್ಟೆ. ಪಾದದ ಕೆಳಗೆ ದುಂಡಗಿನದೊಂದು ಉರುಳಿತು. ಮೊರ ಒಂದು ಕಡೆ, ನಾನೊಂದು ಕಡೆ, ಏಣಿ ಕೊಪ್ಪರಿಗೆಯ ಮೇಲೆ. ಬಿದ್ದ ರಭಸಕ್ಕೆ ಎದ್ದ ಅರಳೆ ಚಾವಣಿ ಮುಟ್ಟಿ, ನಿಧಾನವಾಗಿ ಕೆಳಗಿಳಿಯತೊಡಗಿತು. ಅದು ಪೂರ್ತಿ ಇಳಿದ ಮೇಲೆ ಬಾಗಿಲಲ್ಲಿ ನಿಂತ ಆಕೃತಿ ಕಾಣಿಸಿತು. ಕೈಯಲ್ಲಿ ಉರುಕುಂದದ ಪ್ರಸಾದದ ಗಂಟು, ತಲೆಯ ಸೆರಗಿನ ಮೇಲೆ ನನ್ನ ಅರಳೆ.

"ಅಳಿಯಂದಿರು ನಡಿಯೋದು ಕಲಿಯಾಕ ಹತ್ಯಾರೇನು?" ಎಂದರು ಬಸವಕ್ಕನವರು.

ನಾನು ಏಳಲು ಹೋದೆ. ಬಲಗಾಲು ಒಪ್ಪಲಿಲ್ಲ. ಒಳಗಿನಿಂದ ಓಡಿಬಂದ ಹೆಂಡತಿ ನನ್ನ ಪಾದದ ಬಳಿ ಕೈಹಾಕಿದಳು. ಎಲುಬು ನೋಡುತ್ತಿದ್ದಾಳೆಂದುಕೊಂಡೆ. "ಸಿಕ್ತು ಲಟ್ಟಣಿಗಿ" ಎಂದಳು. (ಕಾಲನ್ನೂ ನೋಡಿದಳು. ಆಮೇಲೆ.)

ಇಬ್ಬರೂ ಸೇರಿ ನನ್ನನ್ನು ಮಂಚದ ಮೇಲೆ ಹಾಕಿದರು. ಪಾದದ ಗಿಣ್ಣು ನೋಡನೋಡುತ್ತಿದ್ದಂತೆ ಬದನೆಕಾಯಿಯಂತೆ ಉಬ್ಬಿತು. ಅತ್ತೆಯವರಿಗೆ ಕೂಡಲು ಜಾಗವಿಲ್ಲ. ಕುಳಿತಲ್ಲೆಲ್ಲ ಹೂತುಹೋಗುತ್ತಾರೆ, ಮೇಲಾಗಿ ಅರಳೆಯ ಧೂಳಿಗೆ ಸೀನು ಹಿಡಿದುಕೊಂಡಿತು. ಸೀನುಸೀನಿನ ನಡುವೆಯೇ ಅಪ್ಪಣೆಯಾಯಿತು: "ಮೊದಲು ಇದನ್ನ ಹೊರಗ ಹಾಕಸ್ರಿ." ಸುಂಕಣ್ಣ ಬಂದ. ಗಾದಿ ಸುತ್ತಿದ, ಅರಳೆ ತುಂಬಿದ, ಕಸಬರಿಗೆ ಆಡಿಸಿದ. ನನ್ನ ಶಾಲೆ ಕಣ್ಣೆದುರೇ ಬೋರಾ ಸೇರಿತು. ಕೆಳಗಿನಿಂದ ಕರಿಯ ಬಂಡೆ ತಣ್ಣಗೆ, ನುಣ್ಣಗೆ ಹೊರಬಂತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅತ್ತೆ ಗೆದ್ದಿದ್ದರು. ನಾಳೆ ಬೆಳಗಿನ ಬಸ್ಸಿಗೆ ನನ್ನ ಮನೆ ಖಾಲಿ.

ಬೆನ್ನ ಹಿಂದೆ, "ಮತ್ತ" ಎಂಬ ದನಿ ಕೇಳಿತು.

ನಾನು ಅಲುಗಲಿಲ್ಲ. ಯಾವ ಕಾಲಿನ ಮೇಲೆ ಆಡಲಿ ಬಸ್ಸಿನಾಟ?

"ಮತ್ತ." ಈ ಸಲ ಸಿಟ್ಟಿತ್ತು. ಆಮೇಲೆ ಬಂಡೆಯ ಮೇಲೆ ಪಚಪಚ ಎಂಬ ಸಣ್ಣ ಸದ್ದು. ಹೆಂಡತಿ "ಏನ್ರಿ" ಎಂದು ಪಿಸುಗುಟ್ಟಿದಳು. ತಿರುಗಿ ನೋಡಿದರೆ ಭೀಮಲಿಂಗ ಎದುರು ಗೋಡೆಯನ್ನು ಬಿಟ್ಟು ಪಡಸಾಲೆಯ ನಡುವೆ ನಿಂತಿದ್ದ, ಯಾರ ಕೈಯನ್ನೂ ಹಿಡಿಯದೆ. ಹೊಟ್ಟೆ ಮುಂದೆ, ಕೈಗಳೆರಡೂ ಮೇಲೆ, ಕುಡಿದವನಂತೆ ತೂಗುತ್ತಾ ನಡೆದು ಬಂದ. ಮಂಚದ ತುದಿಗೆ ಬಂದು ಮುಟ್ಟಿ, ಕೈಗೆ ಸಿಕ್ಕಿದ ನನ್ನ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಏಳು ಎಂಬಂತೆ ಬಲವಾಗಿ ಜಗ್ಗಿದ.

ನನ್ನ ಕೂಗಿಗೆ ಕೊಂಡಮ್ಮ ಓಡಿಬಂದಳು. ನನ್ನ ಕಣ್ಣಲ್ಲಿ ನೀರು ಧಾರೆಯಾಗಿತ್ತು. "ಅಷ್ಟು ನೋವಾಗಾಕ ಹತ್ತೇತೇನ್ರಿ?" ಎಂದಳು ಹೆಂಡತಿ, ತಾನೂ ಕಣ್ಣೊರೆಸಿಕೊಳ್ಳುತ್ತಾ. ಹೂಂ ಎಂದೆ. ಸುಳ್ಳು. ನೋವು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಸಂತೋಷ.

ಮಗನನ್ನು ಎದೆಗೆ ಎಳೆದುಕೊಂಡು ಅತ್ತೆಯ ಕಡೆ ನೋಡಿದೆ. ಇಷ್ಟು ವರ್ಷಗಳಲ್ಲಿ ಅವರ ಎದುರು ನನಗೆ ಸಿಕ್ಕ ಮೊದಲನೆಯ ಜಯ.

"ನೋಡಿದ್ರಲ್ರಿ. ನನ್ನ ಶಾಸ್ತ್ರ ಕೈ ಬಿಡಲಿಲ್ಲ. ಪಾಪ, ನೀವು ಸುಮ್ಮನ ಬಸ್ಸಿನಾಗ ಅಷ್ಟು ದೂರ ಬಂದ್ರಿ."

ಅತ್ತೆ ಮೊಮ್ಮಗನ ದೃಷ್ಟಿ ತೆಗೆದು ಲಟಿಕೆ ಮುರಿದರು. ಆಮೇಲೆ ನನ್ನ ಗಿಣ್ಣನ್ನು ಒತ್ತಿ ನೋಡಿದರು.

"ಸುಮ್ಮನ ಯಾಕ ಆಗ್ತದ್ರಿ. ಹುಡುಗನ ಸಲುವಾಗಿ ನಮ್ಮೂರಾಗ ಮೂಳಿ ನೋಡೋ ರೇವಣಸಿದ್ದಯ್ಯಗ ಹೇಳಿ ಬಂದೀನಿ. ಎಣ್ಣಿ ಕಾಸಿ ಇಟ್ಟಾನ. ಬೆಳಿಗ್ಗಿನ ಬಸ್ಸಿನಾಗ ಮುಂದಿನ ಸೀಟು ಹೇಳೀನಿ. ನಡಿಯಾಕ ಬರಲಾರದವರು ಈ ಮನಿಯಾಗ ಇನ್ನೂ ಒಬ್ಬರು ಅದಾರಲ್ಲ."

ಆ ಒಬ್ಬರು ನಾನೇ ಎಂದು ಅರ್ಥವಾದ ಕೂಡಲೇ ಹೆಂಡತಿಯ ಮುಖ ನೋಡಿದೆ. "ಹಂಗಿದ್ರ ಎಲ್ಲರೂ ಕೂಡೇ ಹೋಗೋಣ."

ಗಾದಿಲಿಂಗಮ್ಮ ಬಂಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ ಮಗನನ್ನು ನೋಡಿದಳು. "ಈಗಿನ್ನೂ ಕಾಲು ಬಂದಾವು. ಬಸ್ಸು, ಹೊಸ ಮನಿ ಅಂದ್ರ ಮತ್ತ ಕುಂತುಬಿಡ್ತಾನ. ಇಲ್ಲೇ ನಾಕು ದಿನ ಬರೋಬರಿ ನಡೀಲಿ. ಮನಿಯಾಗಿನ ಅರಳಿ ತಗಿಯಾಕೂ ಬೇಕಲ್ಲ. ನೀವು ಹೋಗಿ ಬರ್ರಿ."

ಸುಂಕಣ್ಣ ನನ್ನನ್ನು ಅರಳೆಯ ಬೋರಾ ಹೊತ್ತಂತೆ ಬೆನ್ನ ಮೇಲೆ ಹೊತ್ತು ಬಸ್ಸಿಗೆ ಒಯ್ದ. ಭೀಮಲಿಂಗ ತಾಯಿಯ ಬೆರಳು ಹಿಡಿದು, ಎತ್ತಿಕೊಳ್ಳಲು ಬಂದವರನ್ನೆಲ್ಲ ತಳ್ಳುತ್ತಾ, ಪೇಟೆಯ ನಡುಬೀದಿಯಲ್ಲಿ ನಡೆದೇ ಬಂದ. ದಾರಿಯುದ್ದಕ್ಕೂ ಜನ ಅವನನ್ನು ನೋಡಿ ಹರಸಿದರು, ನನ್ನನ್ನು ನೋಡಿ ಕಾರಣ ಕೇಳಿದರು. ಬಸ್ಸು ಹೊರಟಾಗ ಅವನು ಅಳಲಿಲ್ಲ. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಕಾಣುವಷ್ಟು ದೂರ ಅವರಿಬ್ಬರನ್ನೇ ನೋಡಿದೆ. ಅತ್ತೆಯವರು ಪಕ್ಕದಲ್ಲಿ ಕುಳಿತು ಉರುಕುಂದದ ಕೊಬ್ಬರಿಯ ಒಂದು ಚೂರನ್ನು ನನ್ನ ಕೈಯಲ್ಲಿಟ್ಟರು.

ಕೌತಾಳದಲ್ಲಿ ನಾನು ಸುಖವಾಗಿರಲಿಲ್ಲವೆಂದರೆ ತಪ್ಪಾದೀತು. ರೇವಣಸಿದ್ದಯ್ಯ ಬಿದಿರಿನ ದಬ್ಬೆ ಕಟ್ಟಿದ. ಅತ್ತೆಯವರು ಹೊತ್ತುಹೊತ್ತಿಗೆ ಎಣ್ಣೆ ಹಚ್ಚಿಸಿದರು, ಗಂಜಿ ಕುಡಿಸಿದರು, ಮಧ್ಯಾಹ್ನ ಸದ್ದು ಮಾಡಿದವರನ್ನು "ಮಲಗ್ಯಾರ" ಎಂದು ಗದರಿಸಿದರು. ಆದರೆ ಮಧ್ಯಾಹ್ನ ನಾನು ಮಲಗುತ್ತಿರಲಿಲ್ಲ. ಎದೆಯ ಮೇಲೆ ಭಾರವಿಲ್ಲದೆ ನಿದ್ದೆ ನನ್ನ ಹತ್ತಿರ ಬರುವುದನ್ನೇ ಮರೆತಿತ್ತು. ಬನಿಯನ್ನಿನಲ್ಲಿ ಉಳಿದಿದ್ದ ಹತ್ತಿಯ ಎಳೆಯನ್ನು ನಾನೇ ಕಿತ್ತುಕೊಳ್ಳುತ್ತಾ ಜಂತಿ ಎಣಿಸುತ್ತಿದ್ದೆ.

ದಬ್ಬೆ ಬಿಚ್ಚುವ ದಿನ ಅವರಿಬ್ಬರೂ ಬಸ್ಸಿನಿಂದಿಳಿದು ಬಂದರು. ಓಣಿಯ ಹೆಂಗಸರು ಅಂಗಳದಲ್ಲಿ ನೆರೆದಿದ್ದರು. ರೇವಣಸಿದ್ದಯ್ಯ ನನ್ನನ್ನು ಕಂಬಕ್ಕೆ ಆನಿಸಿ ನಿಲ್ಲಿಸಿ ದೂರ ಸರಿದ. ಕಾಲಲ್ಲಿ ನೋವಿರಲಿಲ್ಲ, ಧೈರ್ಯವೂ ಇರಲಿಲ್ಲ. ಅಂಗಳದ ಆ ತುದಿಯಲ್ಲಿ ಅತ್ತೆಯವರು ಕುಕ್ಕರಗಾಲಲ್ಲಿ ಕುಳಿತು, ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವನ ಅಂಗೈಯಲ್ಲಿ ಒಂದು ಬೆಲ್ಲದ ಚೂರಿಟ್ಟರು.

"ಕರಿ ಅಪ್ಪನ್ನ. ಬಾ ಅನ್ನು."

ಭೀಮಲಿಂಗ ಬೆಲ್ಲ ಹಿಡಿದ ಕೈಯನ್ನು ನನ್ನ ಕಡೆ ಚಾಚಿ, "ಬಾ" ಎಂದ. ಅದು ಅವನ ಎರಡನೆಯ ಮಾತು. ನನ್ನನ್ನು ಕಳಿಸಿದ ಮೇಲೆ ಕಲಿತದ್ದು. ನಾನು ಕಂಬ ಬಿಟ್ಟೆ. ಕೈಗಳೆರಡೂ ತಾವಾಗಿಯೇ ಮೇಲೆದ್ದವು, ಹೊಟ್ಟೆ ಮುಂದೆ ಬಂತು. ಹೆಂಗಸರು ಚಪ್ಪಾಳೆ ತಟ್ಟಿದರು, ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡಳು. ತೂಗುತ್ತಾ, ತಪ್ಪುತ್ತಾ ಅಂಗಳ ದಾಟಿ ಅವನ ಮುಂದೆ ಮೊಣಕಾಲೂರಿ ಬಾಯಿ ತೆರೆದೆ.

ಅವನು ನನ್ನನ್ನು ಒಂದು ಕ್ಷಣ ನೋಡಿ, ಬೆಲ್ಲವನ್ನು ತನ್ನ ಬಾಯಿಗೆ ಹಾಕಿಕೊಂಡು, ಓಡಿಹೋದ.